ಟರ್ಮಿನಲ್ ಮುಚ್ಚಿ ಮತ್ತೆ ತೆಗೀರಿ

ಹೋದ ತಿಂಗಳು ನಮ್ಮ ಕಾಲೇಜಲ್ಲಿ ಕ್ವಾಂಟಂ ವರ್ಕ್‌ಶಾಪ್ ಆಯ್ತು. ಎರಡು ಗಂಟೆ ಕ್ಯೂಬಿಟ್, ಸೂಪರ್‌ಪೊಸಿಷನ್, ಆ ಡಬ್ಬದೊಳಗಿನ ಬೆಕ್ಕು. ಕೊನೆಗೆ ಒಂದು ಸ್ಲೈಡ್: "ಅಜೂರ್ ಕ್ವಾಂಟಂ ಕಮಾಂಡ್ ಲೈನ್ ಟೂಲ್ ರೂಮಲ್ಲಿ ಹಾಕ್ಕೊಳ್ಳಿ, ಈಸಿ ಇದೆ." ನನ್ನ ಪ್ರಕಾರ ಇದು ಉಲ್ಟಾ ಆಗಬೇಕಿತ್ತು. ಬೆಕ್ಕಿನ ಕಥೆ ಯೂಟ್ಯೂಬಲ್ಲಿ ಬೇಕಾದಷ್ಟಿದೆ.

ರಾತ್ರಿ ಹಾಸ್ಟೆಲಲ್ಲಿ ಅಜೂರ್ ಸಿಎಲ್ಐ ಇನ್‌ಸ್ಟಾಲ್ ಮಾಡಿದೆ. ಎ, ಝಡ್ ಅಂತ ಎರಡೇ ಅಕ್ಷರ ಟೈಪ್ ಮಾಡಿದ್ರೆ, ಅಂಥ ಕಮಾಂಡೇ ಗೊತ್ತಿಲ್ಲ ಅಂತು. ತೆಗೆದೆ, ಹಾಕಿದೆ, ಮೂರು ಸಲ. ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಆದ್ರೂ ಆ ಪೇಜನ್ನ ಓದಿರಲಿಲ್ಲ, ಕಮಾಂಡ್ ಇರೋ ಜಾಗ ಮಾತ್ರ ಹುಡುಕಿ ಕಾಪಿ ಮಾಡ್ತಿದ್ದೆ. ರೂಮ್‌ಮೇಟ್ ಹಾವೇರಿಯವನು, ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ. ನಿಧಾನಕ್ಕೆ ಒಂದೊಂದೇ ಸಾಲು ಓದಿ, "ಇಲ್ಲೇ ಬರದಾರಲ್ಲೋ, ಇನ್‌ಸ್ಟಾಲ್ ಆದಮ್ಯಾಲ ಟರ್ಮಿನಲ್ ಮುಚ್ಚಿ ಮತ್ತ ತೆಗೀಬೇಕಂತ" ಅಂದ. ಮೊದಲೇ ತೆರೆದಿದ್ದ ಕಿಟಕಿಗೆ ಹೊಸ ಪಾತ್ ಗೊತ್ತಿರಲ್ಲ, ಅಷ್ಟೇ.

ಇಷ್ಟು ಚೆನ್ನಾಗಿ ಓದೋನು ವರ್ಕ್‌ಶಾಪಲ್ಲಿ ಒಂದೂ ಪ್ರಶ್ನೆ ಕೇಳಿರಲಿಲ್ಲ. ಯಾಕೆ ಅಂದ್ರೆ, "ಇಂಗ್ಲಿಷ್‌ನ್ಯಾಗ ಕೇಳಬೇಕಲ್ಲ" ಅಂದ. ನನಗೆ ಆ ಟೂಲ್‌ಗಿಂತ ಇದೇ ಜಾಸ್ತಿ ಕಾಡ್ತಿದೆ.

"ಕಮಾಂಡೆಲ್ಲ ಇಂಗ್ಲಿಷಲ್ಲೇ ಇರೋವಾಗ ಕನ್ನಡ ಯಾಕೆ" ಅಂತ ಕ್ಲಬ್ಬಲ್ಲೇ ಕೇಳಿದ್ರು. ಕಮಾಂಡ್ ಹಾಗೇ ಇರಲಿ. ಎರಡು ಕಮಾಂಡ್ ನಡುವೆ ಇರೋ ಕಾರಣ ಕನ್ನಡದಲ್ಲಿ ಬೇಕು. ಮೊದಲು ಎಕ್ಸ್‌ಟೆನ್ಷನ್ ಆಡ್ ಮಾಡಿ ಕ್ವಾಂಟಂ ಸೇರಿಸ್ಕೋಬೇಕು, ಯಾಕಂದ್ರೆ ಸಿಎಲ್ಐ ಜೊತೆ ಅದು ತಾನಾಗೇ ಬರಲ್ಲ. ಲಾಗಿನ್ ಅಂದ್ರೆ ಬ್ರೌಸರ್ ಅಥವಾ ಸೈನ್-ಇನ್ ಕಿಟಕಿ ತೆರೆಯುತ್ತೆ, ಗಾಬರಿ ಬೇಡ. ಆಮೇಲೆ ವರ್ಕ್‌ಸ್ಪೇಸ್ ಸೆಟ್: ನಿಮ್ಮ ಅಕೌಂಟಲ್ಲಿ ಯಾವ ಕೋಣೆಯಲ್ಲಿ ಕೆಲಸ ಅಂತ ಒಮ್ಮೆ ಹೇಳಿಟ್ರೆ, ಪ್ರತಿ ಸಲ ಟೈಪ್ ಮಾಡೋದು ತಪ್ಪುತ್ತೆ. ರಿಸೋರ್ಸ್ ಗ್ರೂಪ್ ಅಂದ್ರೆ ಆ ಕೋಣೆ ಇರೋ ಮನೆ.

ಟಾರ್ಗೆಟ್ ಮಾತ್ರ ಎರಡು ಸಲ ನೋಡಿ. ಅಯಾನ್‌ಕ್ಯೂ ಸಿಮ್ಯುಲೇಟರ್ ಕೊಟ್ರೆ ದುಡ್ಡಿಲ್ಲ. ಅದೇ ಕಂಪನಿಯ ನಿಜವಾದ ಮೆಷಿನ್ ಹೆಸರು ಕೊಟ್ರೆ ಕ್ಯೂನಲ್ಲೂ ಕಾಯಬೇಕು, ಬಿಲ್ಲೂ ಬರುತ್ತೆ. ಅರ್ಥ ಆಗದೆ ಕಾಪಿ ಮಾಡೋರಿಗೆ ಈ ವ್ಯತ್ಯಾಸ ಯಾರು ಹೇಳ್ತಾರೆ?

ನಾವಿಬ್ಬರೂ ಬೆಲ್ ಸ್ಟೇಟ್ ಓಡಿಸಿದಾಗ ಔಟ್‌ಪುಟ್ಟಲ್ಲಿ 00 ಮತ್ತು 11 ಹತ್ತತ್ರ ಅರ್ಧರ್ಧ ಬಂತು. 01, 10 ಇಲ್ವೇ ಇಲ್ಲ. ಎಂಟ್ಯಾಂಗಲ್‌ಮೆಂಟ್ ನನಗೆ ತಲೆಗೆ ಹೋಗಿದ್ದು ಆಗ, ಸ್ಲೈಡ್ ನೋಡುವಾಗ ಅಲ್ಲ.

ಈಗ ಇದನ್ನೆಲ್ಲ ಸೇರಿಸಿ ಎರಡು ಪುಟದ ಕನ್ನಡ ನೋಟ್ಸ್ ಮಾಡ್ತಿದ್ದೀವಿ. ಮೊದಲ ಸಾಲು ಅವನದೇ, ಹಾವೇರಿ ಕನ್ನಡದಲ್ಲೇ ಇಟ್ಟಿದ್ದೀನಿ. ಮುಂದಿನ ವರ್ಕ್‌ಶಾಪಲ್ಲಿ ಮೊದಲ ಅರ್ಧ ಗಂಟೆ ನಮಗೆ ಕೊಡಿ.