ಸಹಾಯಕನ ತಪ್ಪಿಗೆ ಬೆರಳಿಗೇಕೆ ಶಿಕ್ಷೆ?

ಪಿಂಚಣಿದಾರರು ಬದುಕಿರುವುದನ್ನು ಬೆರಳೊತ್ತಿ ರುಜುವಾತುಪಡಿಸುವ ‘ಜೀವನ್ ಪ್ರಮಾಣ್’ ವ್ಯವಸ್ಥೆ 2014ರಲ್ಲಿ ಬಂದಿತು. ಬೆರಳಚ್ಚು ಯಂತ್ರಕ್ಕೂ ಆಧಾರ್ ಜಾಲಕ್ಕೂ ನಡುವೆ ‘ಆರ್‌ಡಿ ಸರ್ವಿಸ್’ ಎಂಬ ಸಹಾಯಕ ತಂತ್ರಾಂಶವೊಂದು ದುಡಿಯುತ್ತದೆ. ಅದು ನಿಂತರೆ ಪರದೆಯ ಮೇಲೆ ಇಂಗ್ಲಿಷಿನ ಸಾಲೊಂದು ಮೂಡುತ್ತದೆ. ಲೋಕಿಕೆರೆಯಂಥ ಊರಿನ ಹಿರಿಯರಲ್ಲಿ ಅದನ್ನು ಓದಬಲ್ಲವರೆಷ್ಟು? "ಬೆರಳು ಸವೆದಾವ್ರೀ ಯಜಮಾನ್ರೇ, ನಾಳೆ ಬರ್ರಿ" ಎಂದರೆ ನಂಬಿ ಹಿಂದಿರುಗುತ್ತಾರೆ.

ಮಣ್ಣಿನಲ್ಲಿ ದುಡಿದ ಬೆರಳು ಸವೆಯುವುದು ನಿಜ. ಆದರೆ ದೋಷ ಬೆರಳಿನದೋ ತಂತ್ರಾಂಶದ್ದೋ ಎಂದು ತಿಳಿಯುವ ಹಕ್ಕು ಬೆರಳಿನ ಒಡೆಯನಿಗಿಲ್ಲವೇ? ಎಷ್ಟೋ ಸಲ ಆ ಸಹಾಯಕನನ್ನು ಮತ್ತೆ ಚಾಲೂ ಮಾಡಿದರೆ ಸಾಕು. 2021ರಲ್ಲಿ ಮುಖ ತೋರಿಸುವ ಅನುಕೂಲವೂ ಬಂತು. ಅದಕ್ಕೂ ಬೇರೊಬ್ಬ ಸಹಾಯಕ ಬೇಕು!

ಗುಪ್ತಪದದ ಕಥೆಯೂ ಇದೇ. ಕೇಳುತ್ತಿರುವವರಾರು, ಏತಕ್ಕೆ ಎಂದರಿಯದವರು ಗುಪ್ತಪದವನ್ನೂ ಒಟಿಪಿಯನ್ನೂ ಪಕ್ಕದವರಿಗೆ ಒಪ್ಪಿಸುತ್ತಾರೆ. ವಂಚಕರಿಗೆ ಇದಕ್ಕಿಂತ ಅಗಲವಾದ ಬಾಗಿಲು ಬೇಕೇ?

ಕನ್ನಡ ಲಿಪಿಗೆ ಯೂನಿಕೋಡ್‌ನಲ್ಲಿ 1991ರಲ್ಲೇ ಸ್ಥಾನ ದೊರೆತಿದೆ. ಅಕ್ಷರಗಳಿಲ್ಲವೆಂಬ ನೆಪ ಇನ್ನು ಸಲ್ಲದು. ತಪ್ಪಿಗೆ ಕೆಂಪುಗೆರೆ ಎಳೆದು ಕಾರಣ ಹೇಳದ ಮೇಷ್ಟರನ್ನು ಯಾರೂ ಒಪ್ಪರು, ಯಂತ್ರವನ್ನೇಕೆ ಒಪ್ಪಬೇಕು? ಏನು ಕೆಟ್ಟಿದೆ, ಯಾರು ಸರಿಪಡಿಸಬೇಕು, ಗುಪ್ತಪದ ಕೇಳುತ್ತಿರುವವರು ಯಾರು ಎಂಬ ಮೂರು ಮಾತು ಕನ್ನಡದಲ್ಲಿ ಬರಲಿ. ಓದುಗ ಮಿತ್ರರೇ, ಇದು ಭಾಷಾಭಿಮಾನದ ಬೇಡಿಕೆಯಲ್ಲ, ಹಿರಿಯರ ಅನ್ನದ ಪ್ರಶ್ನೆ.