ಹಕ್ಕಿಜ್ವರ: ಹಿತ್ತಲ ಕೋಳಿಯ ಲೆಕ್ಕ ಯಾರಿಗೆ ಬೇಕು?

ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯ ಹೆಸರು 2025ರ ಫೆಬ್ರುವರಿಯವರೆಗೆ ಆ ಸುತ್ತಿನ ಜನರಿಗಲ್ಲದೆ ಉಳಿದವರಿಗೆ ಗೊತ್ತಿರುವ ಕಾರಣವೇ ಇರಲಿಲ್ಲ. ಅಲ್ಲಿ ಸತ್ತ ಕೋಳಿಗಳ ಮಾದರಿಯನ್ನು ಪರೀಕ್ಷಿಸಿದ ಭೋಪಾಲದ ಪ್ರಯೋಗಾಲಯ ಎಚ್5ಎನ್1 ಹಕ್ಕಿಜ್ವರವನ್ನು ಖಚಿತಪಡಿಸಿದ ಮೇಲೆ ಗ್ರಾಮದ ಸುತ್ತ ಕೋಳಿಗಳ ಸಾಮೂಹಿಕ ಹನನ ನಡೆಯಿತು, ನಿಗಾ ವಲಯ ಘೋಷಣೆಯಾಯಿತು, ರಾಜ್ಯದಾದ್ಯಂತ ಕಟ್ಟೆಚ್ಚರದ ಸುತ್ತೋಲೆಗಳು ಹೊರಟವು. ಅದೇ ದಿನಗಳಲ್ಲಿ ಬಳ್ಳಾರಿ ಜಿಲ್ಲೆ ಸಂಡೂರು ತಾಲ್ಲೂಕಿನ ಕುರೇಕುಪ್ಪದ ಕೋಳಿ ಫಾರಂನಲ್ಲೂ ರೋಗ ಕಾಣಿಸಿಕೊಂಡಿತು. ನಗರಗಳಲ್ಲಿ ಇದರ ಪರಿಣಾಮ ಎಂದಿನಂತೆಯೇ ಇತ್ತು. ಕೋಳಿ ಮಾಂಸ ತಿನ್ನಬಹುದೇ, ಮೊಟ್ಟೆಯ ಬೆಲೆ ಇಳಿಯುವುದೇ ಎಂಬೆರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ ಕೂಡಲೇ ಸುದ್ದಿ ತಣ್ಣಗಾಯಿತು.

ಚೆನ್ನಾಗಿ ಬೇಯಿಸಿದ ಮಾಂಸ, ಮೊಟ್ಟೆಗಳಿಂದ ಅಪಾಯವಿಲ್ಲ. 70 ಡಿಗ್ರಿ ಸೆಲ್ಸಿಯಸ್ ಶಾಖ ಎಲ್ಲ ಭಾಗಕ್ಕೂ ತಲುಪಿದರೆ ವೈರಾಣು ನಾಶವಾಗುತ್ತದೆ. ಇದು ಸರಿಯಾದ ಮಾತೇ. ಆದರೆ ಕೋಳಿಯನ್ನು ಕೊಳ್ಳುವವನಿಗೆ ಹೇಳುವ ಈ ಮಾತು ಕೋಳಿಯನ್ನು ಸಾಕುವವಳಿಗೆ ಯಾವ ಪ್ರಯೋಜನಕ್ಕೂ ಬರುವುದಿಲ್ಲ. ಹಿತ್ತಲಲ್ಲಿ ಹತ್ತು ಹನ್ನೆರಡು ನಾಟಿ ಕೋಳಿ ಬಿಟ್ಟುಕೊಂಡು, ಮಗುವಿನ ಶಾಲೆಯ ಖರ್ಚಿಗೋ ಹಬ್ಬದ ಹಿಂದಿನ ದಿನದ ಸಾಮಾನಿಗೋ ಒಂದೆರಡನ್ನು ಮಾರುವ ಹೆಂಗಸಿಗೆ ಅದು ಬ್ಯಾಂಕಿನ ಪಾಸ್‌ಬುಕ್ಕಿಗೆ ಸಮಾನ. ಅವಳ ಕೋಳಿಯನ್ನು ಕಾಪಾಡುವುದು ಹೇಗೆ ಎಂಬ ಬಗ್ಗೆ ಇಪ್ಪತ್ತು ವರ್ಷಗಳಿಂದ ಸರ್ಕಾರಗಳು ಕರಪತ್ರದಾಚೆಗೆ ಹೆಚ್ಚೇನೂ ಯೋಚಿಸಿದಂತೆ ಕಾಣುವುದಿಲ್ಲ.

ಇಪ್ಪತ್ತು ವರ್ಷವೆಂದರೆ, ಭಾರತದಲ್ಲಿ ಈ ರೋಗ ಮೊದಲು ದೃಢಪಟ್ಟದ್ದು 2006ರ ಫೆಬ್ರುವರಿಯಲ್ಲಿ, ಮಹಾರಾಷ್ಟ್ರದ ನಂದುರ್‌ಬಾರ್ ಜಿಲ್ಲೆಯ ನವಾಪುರದಲ್ಲಿ. ಅಲ್ಲಿ ಅದು ದೊಡ್ಡ ಫಾರಂಗಳ ರೋಗವಾಗಿತ್ತು. ಎರಡೇ ವರ್ಷಗಳಲ್ಲಿ, 2008ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಹಿತ್ತಲುಗಳಿಗೆ ನುಗ್ಗಿ ಒಂದರ ಬಳಿಕ ಒಂದು ಜಿಲ್ಲೆಗೆ ಹಬ್ಬಿತು. ಸುಮಾರು 40 ಲಕ್ಷ ಕೋಳಿ, ಬಾತುಗಳನ್ನು ಕೊಲ್ಲಬೇಕಾಯಿತು. ಕರ್ನಾಟಕದಲ್ಲಿ 2012ರ ಅಕ್ಟೋಬರಿನಲ್ಲಿ ಬೆಂಗಳೂರಿನ ಹೆಸರಘಟ್ಟದ ಕೇಂದ್ರೀಯ ಕುಕ್ಕುಟ ಅಭಿವೃದ್ಧಿ ಸಂಸ್ಥೆಯಲ್ಲಿ, 2016ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಹುಮನಾಬಾದಿನಲ್ಲಿ, 2020ರ ಮಾರ್ಚ್‌ನಲ್ಲಿ ಮೈಸೂರು ಮತ್ತು ಹರಿಹರ ತಾಲ್ಲೂಕಿನಲ್ಲಿ ರೋಗ ಕಂಡಿತು. ಹೀಗೆ ಬಂದು ಹೋಗುವುದು ಈಗ ಅನಿರೀಕ್ಷಿತವೇನಲ್ಲ.

ಪ್ರತಿ ಬಾರಿಯೂ ಮೊದಲ ಆರೋಪಿ ವಲಸೆ ಹಕ್ಕಿ. ಆರೋಪ ನಿರಾಧಾರವಲ್ಲ. 2005ರಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಸಾವಿರಾರು ಕಾಡು ಹಕ್ಕಿಗಳು ಈ ವೈರಾಣುವಿಗೆ ಬಲಿಯಾದವು. ಅವುಗಳಲ್ಲಿ ಪಟ್ಟೆತಲೆ ಹೆಬ್ಬಾತುಗಳೇ ಹೆಚ್ಚು. 2020ರ ಕೊನೆ ಮತ್ತು 2021ರ ಜನವರಿಯಲ್ಲಿ ಹಿಮಾಚಲ ಪ್ರದೇಶದ ಪೋಂಗ್ ಜಲಾಶಯದಲ್ಲಿ ಅದೇ ಜಾತಿಯ ಹೆಬ್ಬಾತುಗಳು ಸಾವಿರಗಟ್ಟಲೆ ಸತ್ತವು. ಹಿಮಾಲಯವನ್ನು ದಾಟಿ ಬರುವ ಇದೇ ಹೆಬ್ಬಾತು ಗದಗ ಜಿಲ್ಲೆಯ ಮಾಗಡಿ ಕೆರೆಗೂ, ಮೈಸೂರಿನ ಸುತ್ತಲ ಕೆರೆಗಳಿಗೂ ಚಳಿಗಾಲದ ಅತಿಥಿ. 2017ರ ಜನವರಿಯಲ್ಲಿ ಎಚ್5ಎನ್8 ಸೋಂಕಿನಿಂದ ಹಕ್ಕಿಗಳು ಸತ್ತದ್ದಕ್ಕೆ ಮೈಸೂರು ಮೃಗಾಲಯವನ್ನು ಸುಮಾರು ಒಂದು ತಿಂಗಳು ಮುಚ್ಚಲಾಗಿತ್ತು.

ಆದರೆ ಆಕಾಶದಲ್ಲಿ ಹಾರಿಹೋಗುವ ಹೆಬ್ಬಾತಿಗೂ ತಿಪ್ಪೆ ಕೆದರುವ ಕೋಳಿಗೂ ನೇರ ಭೇಟಿ ಅಪರೂಪ. ನಡುವೆ ದಲ್ಲಾಳಿಗಳಿದ್ದಾರೆ. ಕೆರೆಯ ಅಂಚಿನಲ್ಲಿ ಸತ್ತ ಹಕ್ಕಿಯನ್ನು ಕುಕ್ಕಿ ಬರುವ ಕಾಗೆ ಅವುಗಳಲ್ಲಿ ಮುಖ್ಯವಾದುದು. ರಾಜಸ್ಥಾನದ ಝಾಲಾವಾಡದಲ್ಲಿ 2020ರ ಡಿಸೆಂಬರ್ ಕೊನೆಯಲ್ಲಿ ರೋಗದ ಮೊದಲ ಸುಳಿವು ಕೊಟ್ಟದ್ದು ಸತ್ತ ಕಾಗೆಗಳೇ. ಕೆರೆಯಲ್ಲಿ ಈಜಿ ಸಂಜೆ ಮನೆಗೆ ಮರಳುವ ಸಾಕುಬಾತು ಇನ್ನೊಂದು. ಬಾತು ಎಷ್ಟೋ ಬಾರಿ ತಾನು ಕಾಯಿಲೆ ಬೀಳದೆ ಹಿಕ್ಕೆಯಲ್ಲಿ ವೈರಾಣುವನ್ನು ಸುರಿಸುತ್ತಿರುತ್ತದೆ. ಮೂರನೆಯದು ಹಿಕ್ಕೆ ಮೆತ್ತಿದ ಮನುಷ್ಯರ ಚಪ್ಪಲಿ. ವಿಶ್ವ ಆರೋಗ್ಯ ಸಂಸ್ಥೆಯ ಮಾಹಿತಿಯಂತೆ ಹಿಕ್ಕೆಯಲ್ಲಿರುವ ವೈರಾಣು 37 ಡಿಗ್ರಿ ಬಿಸಿಯಲ್ಲಿ ಆರು ದಿನ, 4 ಡಿಗ್ರಿ ಚಳಿಯಲ್ಲಿ 35 ದಿನ ಜೀವಂತವಾಗಿರಬಲ್ಲದು. ನಮ್ಮ ಬಯಲುಸೀಮೆಯ ಬಿಸಿಲು ಈ ವಿಷಯದಲ್ಲಿ ರೈತನ ಮಿತ್ರ, ನೆರಳಿನ ತೇವದ ಮೂಲೆ ಶತ್ರು.

ಹಕ್ಕಿಯ ಮೇಲಿನ ಭಯ ಅತಿರೇಕಕ್ಕೆ ಹೋಗುವುದೂ ಉಂಟು. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರ ಮಧ್ಯದ ಮರಗಳಲ್ಲೇ ಗೂಡು ಕಟ್ಟುತ್ತವೆ. ಕೆಳಗೆ ಮನೆ, ದನ, ಕೋಳಿ ಎಲ್ಲವೂ ಇವೆ. 2017ರ ಕೊನೆಯಿಂದ ಅಲ್ಲಿ ಹೆಜ್ಜಾರ್ಲೆಗಳು ಒಂದೊಂದಾಗಿ ಉದುರತೊಡಗಿದಾಗ ಹಕ್ಕಿಜ್ವರವೆಂದೇ ಗುಲ್ಲೆದ್ದಿತು. ಪರೀಕ್ಷೆಯಲ್ಲಿ ಕಂಡದ್ದು ಹೊಟ್ಟೆಹುಳುಗಳ ಬಾಧೆ. ತಲೆಮಾರುಗಳಿಂದ ಹಕ್ಕಿಯ ಜತೆ ಬಾಳಿದ ಊರು ಅಂದು ಮರ ಕಡಿಯಲು ಮುಂದಾಗಲಿಲ್ಲವೆಂಬುದು ಸಣ್ಣ ಸಂಗತಿಯಲ್ಲ. ಕಾಡುಹಕ್ಕಿಯನ್ನು ಓಡಿಸಿದರೆ ಅದು ಇನ್ನೊಂದು ಕೆರೆಗೆ ಹೋಗುತ್ತದೆ, ರೋಗವಿದ್ದರೆ ಅದನ್ನೂ ಒಯ್ಯುತ್ತದೆ. ಬೇಲಿ ಬೇಕಿರುವುದು ಕೋಳಿಯ ಸುತ್ತ.

ಆ ಬೇಲಿ ದುಬಾರಿಯದೇನಲ್ಲ. ಕಾಳನ್ನು ಅಂಗಳದಲ್ಲಿ ಎರಚುವ ರೂಢಿಯಿಂದ ಕಾಗೆ, ಪಾರಿವಾಳ, ಗೊರವಂಕಗಳಿಗೂ ಅದೇ ಪಂಕ್ತಿಯಲ್ಲಿ ಊಟ ಬಡಿಸಿದಂತಾಗುತ್ತದೆ. ಮೇವು ಮತ್ತು ನೀರನ್ನು ಸೂರಿನಡಿ ಇಟ್ಟರೆ ಅಪಾಯದ ದೊಡ್ಡ ಪಾಲು ತಪ್ಪಿತು. ಕೆರೆ, ಹೊಂಡದ ನೀರು ಬೇಡ. ಕೊಳವೆಬಾವಿಯ ಅಥವಾ ನಲ್ಲಿಯ ನೀರು ಬೇಕು. ಗೂಡಿಗೆ ಬಲೆ ಮಾತ್ರ ಹೊದಿಸಿದರೆ ಹಕ್ಕಿ ಒಳಬರುವುದಿಲ್ಲ, ಹಿಕ್ಕೆ ಬೀಳುತ್ತದೆ; ಆದ್ದರಿಂದ ಪಕ್ಕಕ್ಕೆ ಸಣ್ಣ ಕಣ್ಣಿನ ಬಲೆ, ಮೇಲೆ ತಗಡೋ ತಾಡಪಾಲೋ ಇರಬೇಕು. ಬಾತು ಮತ್ತು ಕೋಳಿ ಒಂದೇ ಗೂಡಿನಲ್ಲಿ ಕೂಡದು. ಗೂಡಿಗೆ ಹೋಗಲು ಬೇರೆಯೇ ಒಂದು ಜತೆ ಚಪ್ಪಲಿ ಇರಬೇಕು. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆದರೆ ಸಾಕು, ಏಕೆಂದರೆ ಕೊಬ್ಬಿನ ಹೊದಿಕೆಯ ಈ ವೈರಾಣು ಸೋಪಿಗೆ ಉಳಿಯುವುದಿಲ್ಲ. ಸಂತೆಯಲ್ಲಿ ಕೊಂಡ ಕೋಳಿಯನ್ನು ಎರಡು ವಾರ ಬೇರೆ ಇರಿಸಬೇಕು. ಹಗಲೆಲ್ಲ ಮೇಯಲು ಬಿಡುವ ನಾಟಿ ಕೋಳಿಯನ್ನು ವರ್ಷಪೂರ್ತಿ ಕೂಡಿಹಾಕುವುದು ಯಾರಿಂದಲೂ ಆಗದ ಮಾತು. ಸುತ್ತಲಲ್ಲಿ ಹಕ್ಕಿಗಳು ಸಾಯುತ್ತಿರುವ ಸುದ್ದಿ ಬಂದಾಗ ಕೆಲ ವಾರ ಮಂಕರಿ ಕವುಚಿಯೋ ದಡ್ಡಿಯಲ್ಲಿಯೋ ಇಟ್ಟುಕೊಳ್ಳುವುದು ಸಾಧ್ಯ.

ನಗರದವರು ತಮಗೆ ಸಂಬಂಧವಿಲ್ಲವೆಂದುಕೊಳ್ಳುವ ಒಂದು ಕೊಂಡಿಯೂ ಇಲ್ಲಿದೆ. ಕೋಳಿ ಅಂಗಡಿಯ ಪುಕ್ಕ, ಕರುಳು, ತಲೆಗಳನ್ನು ರಾತ್ರೋರಾತ್ರಿ ಊರಾಚೆಯ ಕೆರೆಯ ಏರಿಗೆ ಸುರಿಯುವ ಪದ್ಧತಿಯಿಂದ ಕಾಗೆ, ಹದ್ದು, ಬೀದಿನಾಯಿ, ಕೆರೆಯ ಹಕ್ಕಿ ಒಂದೇ ಕಡೆ ಸೇರುತ್ತವೆ. ರೋಗ ಹಕ್ಕಿಯಿಂದ ಕೋಳಿಗೆ ಮಾತ್ರವಲ್ಲ, ಕೋಳಿಯಿಂದ ಹಕ್ಕಿಗೂ ದಾಟುತ್ತದೆ. 1996ರಲ್ಲಿ ಇದು ಮೊದಲು ಪತ್ತೆಯಾದದ್ದು ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದ ಸಾಕು ಹೆಬ್ಬಾತುಗಳಲ್ಲಿ ಎಂಬುದನ್ನು ವಲಸೆ ಹಕ್ಕಿಯನ್ನು ಶಪಿಸುವವರು ಮರೆಯುತ್ತಾರೆ.

ಇಷ್ಟೆಲ್ಲ ಮಾಡಿದರೂ ರೋಗ ಬಂದರೆ ಏನು? ತೊಡಕು ಇರುವುದು ಇಲ್ಲಿಯೇ. ಹಕ್ಕಿಜ್ವರ ಬಂದ ಕೋಳಿಯ ಜುಟ್ಟು ನೀಲಿಗಟ್ಟುತ್ತದೆ, ತಲೆ ಊದುತ್ತದೆ, ಹಸಿರು ಭೇದಿಯಾಗುತ್ತದೆ, ಕತ್ತು ತಿರುಚುತ್ತದೆ. ಕೆಲವೊಮ್ಮೆ ಯಾವ ಲಕ್ಷಣವೂ ಇಲ್ಲದೆ ಬೆಳಗಾಗುವುದರಲ್ಲಿ ಸತ್ತಿರುತ್ತದೆ. ಹಳ್ಳಿಗರು ಕೊಕ್ಕರೆ ರೋಗವೆಂದು ಕರೆಯುವ ರಾಣಿಖೇತ್ ರೋಗದ ಲಕ್ಷಣಗಳೂ ಬಹುಪಾಲು ಇವೇ. ವರ್ಷ ವರ್ಷ ಬಂದು ಹೋಗುವ ಕಾಯಿಲೆಗಾಗಿ ಪಶು ಆಸ್ಪತ್ರೆಗೆ ಓಡುವವರು ಕಡಿಮೆ. ಕೊಕ್ಕರೆ ರೋಗಕ್ಕೆ ಅಗ್ಗದ ಲಸಿಕೆ ಇದೆ. ಅದನ್ನು ಹಿತ್ತಲ ಕೋಳಿಗಳಿಗೂ ತಪ್ಪದೆ ಹಾಕಿದ್ದರೆ, ಆ ಬಳಿಕವೂ ಗುಂಪಾಗಿ ಸಾಯುವ ಕೋಳಿ ತಾನಾಗಿಯೇ ಎಚ್ಚರಿಕೆಯ ಗಂಟೆಯಾಗುತ್ತಿತ್ತು. ಹಕ್ಕಿಜ್ವರದ ತಡೆಗೆ ಇದರಷ್ಟು ಸುಲಭದ ಉಪಾಯ ಇನ್ನೊಂದಿಲ್ಲ, ಅದು ಹಕ್ಕಿಜ್ವರದ ಲಸಿಕೆಯಲ್ಲದಿದ್ದರೂ ಸಹ. ಎಚ್5ಎನ್1ಗೆ ಭಾರತ ಲಸಿಕೆಯ ದಾರಿ ಹಿಡಿದಿಲ್ಲ. ಚೀನಾ ಬಹಳ ಹಿಂದೆಯೇ ಹಿಡಿದಿದೆ, ಫ್ರಾನ್ಸ್ 2023ರಲ್ಲಿ ಬಾತುಗಳಿಗೆ ಆರಂಭಿಸಿತು.

ಅನುಮಾನ ಬಂದರೂ ಸುದ್ದಿ ಮುಟ್ಟಿಸದಿರಲು ಹಣದ ಕಾರಣವೂ ಇದೆ. ಕೇಂದ್ರದ ಕ್ರಿಯಾಯೋಜನೆಯಂತೆ ರೋಗ ಕಂಡ ಸ್ಥಳದಿಂದ ಒಂದು ಕಿಲೋಮೀಟರ್ ಒಳಗಿನ ಕೋಳಿಗಳ ಹನನ, 10 ಕಿಲೋಮೀಟರ್‌ವರೆಗೆ ನಿಗಾ. ಪರಿಹಾರ ಸಿಗುವುದು ಸರ್ಕಾರ ಕೊಂದ ಕೋಳಿಗೆ. ಅದರ ಹೊರೆಯನ್ನು ಕೇಂದ್ರ, ರಾಜ್ಯಗಳು ಹಂಚಿಕೊಳ್ಳುತ್ತವೆ. ರೋಗದಿಂದ ಸತ್ತ ಕೋಳಿಗೆ ಪರಿಹಾರವಿಲ್ಲ. ಹೀಗಾಗಿ ಹತ್ತರಲ್ಲಿ ಆರು ಸತ್ತ ಮನೆಯವರು ಸುದ್ದಿ ಕೊಟ್ಟರೆ ಸತ್ತ ಆರಕ್ಕೆ ಏನೂ ಬರುವುದಿಲ್ಲ, ಉಳಿದ ನಾಲ್ಕೂ ಹೋಗುತ್ತವೆ, ಜತೆಗೆ ಇಡೀ ಊರಿನ ಕೋಳಿ ಹೋದದ್ದಕ್ಕೆ ನೆರೆಯವರ ನಿಷ್ಠುರ. ಸುದ್ದಿ ಕೊಡದಿದ್ದರೆ ಉಳಿದ ನಾಲ್ಕನ್ನು ಮುಂದಿನ ಸಂತೆಗೆ ಒಯ್ಯಬಹುದು, ಅಥವಾ ಕುಯ್ದು ಸಾರು ಮಾಡಬಹುದು. ಇದು ಅಜ್ಞಾನವಲ್ಲ, ಲೆಕ್ಕಾಚಾರ. ವೈರಾಣು ಊರಿಂದೂರಿಗೆ ಹೋಗಲು ಹೆಬ್ಬಾತಿನ ರೆಕ್ಕೆಗಿಂತ ಸಂತೆಯ ಬುಟ್ಟಿ ಹೆಚ್ಚು ನೆರವಾಗುವುದು ಈ ಲೆಕ್ಕದಿಂದ.

ಆ ಸಾರಿನ ಕೋಳಿಯನ್ನು ಕುಯ್ದು ಪುಕ್ಕ ತರಿಯುವ ಕೈಗಳಿಗೇ ಅಪಾಯ ಹೆಚ್ಚು. 2003ರಿಂದೀಚೆಗೆ ಜಗತ್ತಿನಲ್ಲಿ ಎಚ್5ಎನ್1 ತಗುಲಿದ 900ಕ್ಕೂ ಹೆಚ್ಚು ಮಂದಿಯಲ್ಲಿ ಸರಿಸುಮಾರು ಅರ್ಧದಷ್ಟು ಜನ ಬದುಕಲಿಲ್ಲ. ಭಾರತದಲ್ಲಿ 2021ರಲ್ಲಿ ಹರಿಯಾಣದ ಬಾಲಕನೊಬ್ಬ ದೆಹಲಿಯ ಏಮ್ಸ್‌ನಲ್ಲಿ, 2025ರಲ್ಲಿ ಆಂಧ್ರಪ್ರದೇಶದ ಪಲ್ನಾಡು ಜಿಲ್ಲೆಯ ಎರಡು ವರ್ಷದ ಮಗು ಈ ಸೋಂಕಿನಿಂದ ಮೃತಪಟ್ಟರು. ಮನುಷ್ಯರಿಗೆ ತಗುಲುವುದು ಅಪರೂಪವೇ ಹೌದು. ತಗುಲಿದರೆ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

2019ರ ಜಾನುವಾರು ಗಣತಿಯ ಪ್ರಕಾರ ದೇಶದ 85 ಕೋಟಿ ಸಾಕುಹಕ್ಕಿಗಳಲ್ಲಿ 31 ಕೋಟಿಗೂ ಹೆಚ್ಚು ಹಿತ್ತಲಲ್ಲಿವೆ. ಹಿಂದಿನ ಗಣತಿಗೆ ಹೋಲಿಸಿದರೆ ಇವುಗಳ ಏರಿಕೆ ಸುಮಾರು ಶೇ 46. ಈ ಏರಿಕೆಗೆ ಸರ್ಕಾರಗಳೂ ಕಾರಣ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ತಳಿಯ ಮರಿಗಳನ್ನು ಗ್ರಾಮೀಣ ಮಹಿಳೆಯರಿಗೆ ಹಂಚುತ್ತ ಬಂದದ್ದು ಅವುಗಳೇ. ಮರಿ ಕೊಡುವ ಕೈ ಎರಡು ಮಾರು ಬಲೆಯನ್ನೂ, ಒಂದು ತಗಡನ್ನೂ, ಕೊಕ್ಕರೆ ರೋಗದ ಲಸಿಕೆಯನ್ನೂ ಅದೇ ದಿನ ಕೊಡಬಾರದೇಕೆ? ಮೊದಲು ಸುದ್ದಿ ಕೊಟ್ಟ ಮನೆಗೆ ಸತ್ತ ಕೋಳಿಗಳನ್ನೂ ಸೇರಿಸಿ ಪರಿಹಾರ ಕೊಟ್ಟರೆ ಬೊಕ್ಕಸಕ್ಕೆ ಬೀಳುವ ಹೊರೆ, ತಡವಾಗಿ ಗೊತ್ತಾದ ರೋಗಕ್ಕೆ ತೆರುವ ಬೆಲೆಯ ಮುಂದೆ ಅತ್ಯಲ್ಪ.

ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 2024ರ ಅಕ್ಟೋಬರ್ 1ರಿಂದ ಒಂದೇ ಒಂದು ಕೋಳಿ ಸಾಕಿದರೂ ನೋಂದಣಿ ಕಡ್ಡಾಯ. ಇಂಥ ಕಾನೂನು ಇಲ್ಲಿ ತಂದರೆ ಅದು ಕಾಗದದಲ್ಲೇ ಉಳಿಯುತ್ತದೆ, ಇಲ್ಲವೇ ಕಿರುಕುಳವಾಗುತ್ತದೆ. ಆದರೆ ಮರಿ ಪಡೆದ ಫಲಾನುಭವಿಗಳ ಪಟ್ಟಿ ಇಲಾಖೆಯ ಬಳಿ ಈಗಾಗಲೇ ಇದೆ, ಪಂಚಾಯಿತಿಗಳಲ್ಲಿ ಪಶುಸಖಿಯರಿದ್ದಾರೆ, 1962 ಸಹಾಯವಾಣಿಯಿದೆ. ಮಾಗಡಿ ಕೆರೆಗೆ ಹೆಬ್ಬಾತುಗಳು ಬರುವುದು ನವೆಂಬರ್ ಹೊತ್ತಿಗೆ. ಅದಕ್ಕೆ ಒಂದು ತಿಂಗಳು ಮುಂಚೆ, ಕೆರೆಯಂಚಿನ ಊರುಗಳ ಮಟ್ಟಿಗಾದರೂ, ಆ ಪಟ್ಟಿ ಹಿಡಿದು ಪಶುಸಖಿಯೊಬ್ಬಳು ಮನೆ ಮನೆಗೆ ಹೋಗಲು ಹೊಸ ಕಾನೂನಾಗಲಿ ಹೊಸ ಹುದ್ದೆಯಾಗಲಿ ಬೇಕಿಲ್ಲ.