ಮನೆಯ ದನಕರು: ನಿಂತ ಎತ್ತಿಗೆ ಮೊದಲು ನಡಿಗೆ

ಹಿಂಗಾರಿ ಜೋಳದ ಸುಗ್ಗಿ ಮುಗಿದ ಮೇಲೆ ನಮ್ಮ ಲಕ್ಷ್ಮೇಶ್ವರದ ಎರೆಸೀಮೆಯಲ್ಲಿ ಎತ್ತುಗಳಿಗೆ ಬಿಡುವು. ಟ್ರ್ಯಾಕ್ಟರುಗಳು ಬಂದ ಮೇಲಂತೂ ಆ ಬಿಡುವು ಇನ್ನಷ್ಟು ದೀರ್ಘವಾಗಿದೆ. ಕೊಟ್ಟಿಗೆಯಲ್ಲಿ ನಿಂತು ಮೇದ ಎತ್ತು ಮೈದುಂಬಿ ಹೊಳೆಯುವುದನ್ನು ಕಂಡು ಒಡೆಯನು ಹಿಗ್ಗುತ್ತಾನೆ. ಕಾರಹುಣ್ಣಿಮೆಗೆ ಸಿಂಗರಿಸಿ ಓಡಿಸುತ್ತಾನೆ. ಮಳೆ ಬಿದ್ದೊಡನೆ ನೊಗಕ್ಕೆ ಹೂಡುತ್ತಾನೆ. ಆದರೆ ಕೊಬ್ಬು ಬೇರೆ, ಕಸುವು ಬೇರೆ.

ನನ್ನ ಬಾಲ್ಯದಲ್ಲಿ ನಮ್ಮ ಮನೆಯವರೇ ಇದರ ದಂಡವನ್ನು ತೆತ್ತರು. ಎರಡು ತಿಂಗಳು ನಿಂತಿದ್ದ ಜೋಡಿಯನ್ನು ಮೊದಲ ಮಳೆಗೆ ದಿನವಿಡೀ ಹೂಡಿದ್ದಾಯಿತು. ಮೂರನೆಯ ದಿನ ಬಲಗಡೆಯ ಎತ್ತಿನ ಹೆಗಲು ಹುಣ್ಣಾಯಿತು. ಅದು ಮಾಯುವಷ್ಟರಲ್ಲಿ ಬಿತ್ತನೆಯ ಹದ ಮೀರಿಹೋಗಿತ್ತು. ತಪ್ಪು ಎತ್ತಿನದಾಗಿರಲಿಲ್ಲ.

ಈ ಸೀಮೆಯು ಪುಲಿಗೆರೆ ಎನಿಸಿ ಕಲ್ಯಾಣದ ಚಾಲುಕ್ಯರ ಆಳಿಕೆಯಲ್ಲಿದ್ದ 12ನೆಯ ಶತಮಾನದಲ್ಲಿ ಆ ಮನೆತನದ ಕೀರ್ತಿವರ್ಮನು ‘ಗೋವೈದ್ಯ’ವನ್ನು ಕನ್ನಡದಲ್ಲಿಯೇ ರಚಿಸಿದನು. ದನದ ಆರೈಕೆಯನ್ನು ಶಾಸ್ತ್ರವೆಂದು ಬಗೆದ ನಾಡಿನಲ್ಲಿ ಇಂಥ ಅವಸರ ಸಲ್ಲದು.

ಪಳಗಿದ ಎತ್ತು ತನ್ನ ಮೈತೂಕದ ಹತ್ತನೆಯ ಒಂದು ಪಾಲಿನಷ್ಟು ಬಲದಿಂದ ಕೆಲವು ತಾಸು ಎಳೆಯಬಲ್ಲದು. ಎಂದರೆ 400 ಕಿಲೋ ತೂಗುವ ಎತ್ತಿಗೆ ಸುಮಾರು 40 ಕಿಲೋ. ನಿಂತ ಎತ್ತಿಗೆ ಈ ಅಳತೆ ಸಲ್ಲದು. ಆದುದರಿಂದ ಉಳುಮೆಗೆ ನಾಲ್ಕು ವಾರ ಮುಂಚೆಯೇ ಸಾಧನೆಯನ್ನು ಆರಂಭಿಸತಕ್ಕದ್ದು. ಮೊದಲನೆಯ ವಾರ ನೊಗವಿಲ್ಲದೆ, ತಂಪು ಹೊತ್ತಿನಲ್ಲಿ, ಬೆಳಿಗ್ಗೆ ಸಂಜೆ ಅರ್ಧರ್ಧ ತಾಸು ನಡೆಸಿರಿ. ಎರಡನೆಯ ವಾರ ಬರಿಯ ಬಂಡಿ. ಮೂರನೆಯ ವಾರ ಹಗುರವಾದ ಹೇರು. ನಾಲ್ಕನೆಯ ವಾರ ಸಡಿಲ ನೆಲದಲ್ಲಿ ಕುಂಟೆ. ಹೊತ್ತನ್ನೂ ಭಾರವನ್ನೂ ಒಂದೇ ದಿನ ಹೆಚ್ಚಿಸಬಾರದು. ಉಸಿರು ಬೇಗ ಪಳಗುವುದು. ನರ, ಗೊರಸು, ಹೆಗಲಿನ ಚರ್ಮಗಳು ನಿಧಾನವಾಗಿ ಗಟ್ಟಿಯಾಗುವುವು.

ಪರೀಕ್ಷೆ ಸುಲಭ. ಹೂಡುವ ಮೊದಲು ಒಂದು ನಿಮಿಷದಲ್ಲಿ ಪಕ್ಕೆ ಎಷ್ಟು ಸಲ ಏರಿಳಿಯುವುದೆಂದು ಎಣಿಸಿರಿ. ಕೆಲಸ ಬಿಟ್ಟು ನೆರಳಲ್ಲಿ ಅರ್ಧ ತಾಸು ಕಟ್ಟಿದ ಮೇಲೆ ಮತ್ತೆ ಎಣಿಸಿರಿ. ಉಸಿರು ಮೊದಲಿನ ಲೆಕ್ಕಕ್ಕೆ ಇಳಿಯದಿದ್ದರೆ ಮುಂದಿನ ಮೆಟ್ಟಿಲು ಏರಬೇಡಿರಿ. ನೊಗ ತೆಗೆದೊಡನೆ ಹೆಗಲನ್ನು ಅಂಗೈಯಿಂದ ಮುಟ್ಟಿ ನೋಡಿರಿ. ಬಿಸಿ, ಬಾವು ಅಥವಾ ಕೂದಲು ಉದುರಿದ ಗುರುತು ಕಂಡರೆ ಅದು ಆರುವವರೆಗೆ ನೊಗ ಬೇಡ.

ಹುರುಳಿ, ಹಿಂಡಿಗಳನ್ನು ಕೆಲಸ ಹೆಚ್ಚಿದಂತೆ ಹೆಚ್ಚಿಸಿರಿ. ಒಮ್ಮೆಲೇ ಕಾಳು ಸುರಿದರೆ ಹೊಟ್ಟೆ ಕೆಡುವುದು. ಮಧ್ಯಾಹ್ನ ಮೆಲುಕು ಹಾಕಲು ಎರಡು ತಾಸಾದರೂ ಬಿಡಿರಿ. ಮೆಲುಕಿಲ್ಲದ ಮೇವು ಮೈಗೆ ಹತ್ತದು.

ಮೂಕಪ್ರಾಣಿಯು ತನ್ನ ಆಯಾಸವನ್ನು ಬಾಯಿಬಿಟ್ಟು ಹೇಳಲಾರದು. ಅದರ ಪಕ್ಕೆಯನ್ನೂ ಹೆಗಲನ್ನೂ ನಾವೇ ಓದಿಕೊಳ್ಳಬೇಕು.